ಮಾವನ ಜನರೇಟರೂ ನನ್ನ ಎರಡು ಮೂತಿಯ ವೈರೂ

ಯಲಿಯೂರಿನ ನಮ್ಮ ಸೋದರಮಾವ, ಬೆಳಕವಾಡಿಯವರು ಬಂದು ಮಗಳನ್ನು ಕೇಳಿದ ಎರಡನೇ ವಾರಕ್ಕೇ ಒಪ್ಪಿ ಕೊಟ್ಟುಬಿಟ್ಟ. ಅದೇ ಮಾವನ ಹತ್ತಿರ ಒಂದು ದಿನದ ಮಟ್ಟಿಗೆ ಜನರೇಟರ್ ಕೇಳಿ ನೋಡಿ! ನಿಮ್ಮ ಮನೆಗೆ ಕಿಟಕಿ ಎಷ್ಟು, ಒಳಗೆ ಮಲಗುವವರು ಯಾರು, ಬೀಡಿ ಸೇದುವವರು ಯಾರು ಎಂದೆಲ್ಲ ವಿಚಾರಿಸಿ ಕೊನೆಗೆ ಕೊಡುವುದಿಲ್ಲ ಎನ್ನುತ್ತಾನೆ. ಕೊಟ್ಟರೂ ಅದರ ಹಿಂದೆ ತಾನೂ ಬರುತ್ತಾನೆ. ಜನರೇಟರಿಗಿಂತ ಮಾವನದೇ ಸದ್ದು ಹೆಚ್ಚು. ಜನರೇಟರಿಗಾದರೂ ಆರಿಸುವ ಸ್ವಿಚ್ಚಿದೆ.

ನನಗೆ ಅವನ ಮೇಲೆ ಸಿಟ್ಟು. ಅವನಿಗೆ ಊರಿನ ಮೇಲೆಲ್ಲ ಸಿಟ್ಟು. ಒಮ್ಮೆ ಪಕ್ಕದ ಮನೆಯವರು, ತುಂತುರು ಬಂತು, ಜನರೇಟರ್ ನೆನೆಯುತ್ತದೆ ಎಂದು ಪಾಪ ಪಡಸಾಲೆಗೆ ಎತ್ತಿಟ್ಟರು. ಮಾವ ನುಗ್ಗಿದವನೇ ಅದನ್ನು ಆರಿಸಿ, ಕಿಟಕಿ ಬಾಗಿಲೆಲ್ಲ ತೆರೆದು, ಮನೆಮಂದಿಯನ್ನು ಬೀದಿಗೆ ಹಾಕಿದ. ಅಜ್ಜಿಯನ್ನು ಕುರ್ಚಿ ಸಮೇತ! ಮನೆಯಿಂದ ಇಪ್ಪತ್ತು ಹೆಜ್ಜೆ ದೂರ, ಮೇಲೊಂದು ತಗಡು, ಸುತ್ತ ಗಾಳಿ, ಹೊಗೆ ಕೊಳವೆ ಬಯಲ ಕಡೆಗೆ. ಇದು ಅವನ ಶಾಸನ.

ಹೊಗೆಯೇ ಕಾಣುತ್ತಿಲ್ಲವಲ್ಲ ಎಂದು ನಾನು ದೊಡ್ಡ ನ್ಯಾಯಾಧೀಶನ ಹಾಗೆ ಬಾಯಿ ಹಾಕಿದೆ.

"ಕಾಣಾಕಿಲ್ಲ, ವಾಸ್ನೇನೂ ಬರಾಕಿಲ್ಲ ಕಣ್ಲಾ. ನಿದ್ದೆ ಬಂದಂಗಾಯ್ತದೆ ಅಷ್ಟೇಯ. ಮಲಿಕಂಡೋರು ಏಳಾಕಿಲ್ಲ."

ಇವನ ಬಾಯಿ ಕೇಳುವುದಕ್ಕಿಂತ ಆ ನಿದ್ದೆಯೇ ವಾಸಿಯಿತ್ತು ಎಂದು ಅಜ್ಜಿ ಬೀದಿಯಲ್ಲಿ ಕೂತು ಗೊಣಗಿದಳು.

ಇನ್ನೊಂದು ಸಿಟ್ಟು ನನ್ನ ಸ್ವಂತದ್ದು. ಗಣೇಶನ ಪೆಂಡಾಲಿನಲ್ಲಿ ನನ್ನ ಮಿಮಿಕ್ರಿ. ಬಸ್ ಕಂಡಕ್ಟರನ್ನು ಮುಗಿಸಿ ಮಾವನ ದನಿಗೇ ಕೈ ಹಾಕಿದ್ದೆ, ಪೆಟ್ರೋಲ್ ಮುಗಿದು ಮೈಕು ಸತ್ತಿತು. ಕ್ಯಾನು ಪಕ್ಕದಲ್ಲೇ ಇದೆ, ಸುರಿದರೆ ಒಂದು ನಿಮಿಷ. ಮಾವ ಬಿಡಬೇಕಲ್ಲ! ಕಾದ ಇಂಜಿನ್ನಿಗೆ ಪೆಟ್ರೋಲ್ ತೋರಿಸುವವನ ವಂಶಕ್ಕೆಲ್ಲ ಮಂಗಳಾರತಿ ಎತ್ತಿ, ಅದು ತಣ್ಣಗಾಗುವ ತನಕ ಅರ್ಧ ಗಂಟೆ ಕ್ಯಾನಿನ ಮೇಲೆ ಕೈಯಿಟ್ಟು ಕಾವಲು ಕೂತ. ಅಷ್ಟರಲ್ಲಿ ಜನ ಎದ್ದು ಹೋದರು. ಹೋಗುವಾಗ ಚಪ್ಪಾಳೆ ತಟ್ಟಿದ್ದು ನಿಜ. ಅದು ನನಗೋ, ಮೈಕು ಸತ್ತದ್ದಕ್ಕೋ ಇವತ್ತಿಗೂ ಇತ್ಯರ್ಥವಾಗಿಲ್ಲ.

ಈಗ ಅಸಲು ಸಿಟ್ಟಿಗೆ ಬರೋಣ. ಮಾವನ ಮಗಳ ಮದುವೆ ಮುಗಿದು ಅವನ ಮನೆಯಲ್ಲಿ ಬೀಗರ ಊಟ. ನಮ್ಮ ಕಡೆ ಮದುವೆಯಲ್ಲಿ ಪಾಯಸ ಸೀದರೂ ಕ್ಷಮೆಯುಂಟು. ಬೀಗರ ಊಟಕ್ಕೆ ಬಂದ ಬೀಗರು ಕಾಯುವಂತಾದರೆ ಅವರ ಮೊಮ್ಮಕ್ಕಳೂ ಅದನ್ನೇ ಆಡಿಕೊಳ್ಳುತ್ತಾರೆ. ಮೊದಲ ಪಂಕ್ತಿ ಅವರದ್ದು. ಅವರು ಏಳುವ ತನಕ ಮನೆಯವರು ಬಾಡು ಮೂಸುವಂತೆಯೂ ಇಲ್ಲ. ಅಂಥ ಮಧ್ಯಾಹ್ನ, ಎಲೆ ಹಾಕುವ ಹೊತ್ತಿಗೆ, ಗಾಳಿ ಬೀಸಿ ನಮ್ಮ ಸಾಲಿನ ಮೂರು ಮನೆಗೆ ಕರೆಂಟು ಹೋಯಿತು. ಹೊರಗೆ ಮೋಡ, ಒಳಗೆ ಕತ್ತಲೆ, ಬೀಗರ ಮುಖದಲ್ಲಿ ಬೆವರು.

ಮಾವ ಯಾರಿಗೋ ಫೋನ್ ಮಾಡಿದ. ಜನರೇಟರ್ ಹಚ್ಚಿ, ಅದರಿಂದಲೇ ನೇರ ವೈರೆಳೆದು ಮಿಕ್ಸಿಗೂ ಎರಡು ಬಲ್ಬಿಗೂ ಕೊಟ್ಟು, ಇನ್ನೇನೂ ಮುಟ್ಟಕೂಡದೆಂದು ಅಡುಗೆಯ ಚಪ್ಪರಕ್ಕೆ ಹೋದ. ಬೀಗರಿಗೆ ಒಂದು ಫ್ಯಾನೂ ಬೇಡವೆ? ನನಗೆ ಮೈ ಉರಿಯಿತು. ಫೋನಿನಲ್ಲಿ ನೋಡಿ ಕಲಿತ ವಿದ್ಯೆ ಕೈಯಲ್ಲಿತ್ತು. ಒಂದು ವೈರಿನ ಎರಡೂ ತುದಿಗೆ ಪಿನ್ನು ಕಟ್ಟಿದೆ. ಒಂದು ಮೂತಿಯನ್ನು ಜನರೇಟರಿಗೂ ಇನ್ನೊಂದನ್ನು ಗೋಡೆಯ ಪ್ಲಗ್ಗಿಗೂ ಚುಚ್ಚಿದೆ. ಮನೆ ತುಂಬ ಬೆಳಕು! ಫ್ಯಾನು ತಿರುಗಿತು, ಬೀಗರು ಅಂಗಿಯ ಗುಂಡಿ ಬಿಚ್ಚಿದರು, ಗಂಡಸು ಅಂದರೆ ಇವನಪ್ಪ ಎಂದು ಅತ್ತೆ ಹೊಗಳಿದಳು. ಪಕ್ಕದ ಮನೆಯ ಟೀವಿಯೂ ಹಾಡತೊಡಗಿತು. ನನ್ನ ಉದಾರತೆಗೆ ನಾನೇ ಬೆರಗಾದೆ. ನನ್ನ ಇಂಜಿನಿಯರಿಂಗ್ ಬದುಕು ಶುರುವಾದದ್ದು ಆಗ. ಮುಗಿದದ್ದು ಅರ್ಧ ನಿಮಿಷದ ಮೇಲೆ.

ಆ ಟೀವಿಯ ಹಾಡು ಮಾವನ ಕಿವಿಗೆ ಬಿದ್ದಿತ್ತು. ಸೌಟು ಹಿಡಿದೇ ಓಡಿಬಂದವನು ಮೊದಲು ಜನರೇಟರ್ ಆರಿಸಿದ, ನನ್ನ ವೈರನ್ನು ಕಿತ್ತೆಸೆದ, ಆಮೇಲೆ ಅಷ್ಟೂ ಬೀಗರ ಎದುರಿಗೆ ನನ್ನ ಕೆನ್ನೆಗೆ ಬಾರಿಸಿದ.

"ಮೇನ್ ಸ್ವಿಚ್ ಆಫ್ ಮಾಡಿದ್ದೇನ್ಲಾ?"

ಇಲ್ಲವೆಂದೆ.

"ನೀ ಕೊಟ್ಟ ಕರೆಂಟು ಮನೇಲೇ ಕುಂತಿರ್ತದಾ? ವಾಪಸ್ ಕಂಬಕ್ಕೋಯ್ತದೆ ಕಣ್ಲಾ. ಲೈನ್‌ಮನ್ ಕರ್ಸಿರೋನು ನಾನು. ಅವ್ನು ಕಂಬದ್ ಮ್ಯಾಲವ್ನೆ."

ಅಷ್ಟು ಹೇಳಿ ಬೀದಿಗೆ ಓಡಿದ. ಬೀಗರ ಹಿರಿಯರೊಬ್ಬರು, ಊಟ ನಾಳೆಯಾದರೂ ಆದೀತು ಬಿಡಿ ಎಂದು ಮೆತ್ತಗೆ ಚುಚ್ಚಿದರು. ಮಾವ ತಿರುಗಿಯೂ ನೋಡಲಿಲ್ಲ. ಕೆನ್ನೆ ಉರಿಯುತ್ತಿತ್ತು. ಬಾಯಲ್ಲಿ ಅವನಿಗೆ ಬೈಗುಳ ಜೋಡಿಸಿಕೊಳ್ಳುತ್ತ, ಅವನ ಓಟವನ್ನೇ ಅಣಕಿಸುತ್ತ ನಾನೂ ಹಿಂದೆ ಓಡಿದೆ. ಬೀದಿಯ ತಿರುವಿನಲ್ಲಿ ನನ್ನ ಕಾಲು ನಿಂತವು.

ನನ್ನದೇ ವಯಸ್ಸಿನವನು ಕಂಬಕ್ಕೆ ಹಗ್ಗ ಬಿಗಿದುಕೊಂಡು ನಿಂತು, ಗ್ಲೌಸನ್ನು ಹಲ್ಲಿನಿಂದ ಎಳೆದು ಹಾಕಿಕೊಳ್ಳುತ್ತಿದ್ದ. ಕಿತ್ತು ಜೋತುಬಿದ್ದ ನಮ್ಮ ಸಾಲಿನ ವೈರು ಅವನ ಬರಿಗೈಯಿಂದ ಒಂದು ಗೇಣು ದೂರದಲ್ಲಿತ್ತು. ಸೌಟು ಹಿಡಿದು ಏದುಸಿರು ಬಿಡುತ್ತಿದ್ದ ಮಾವನನ್ನು ಕಂಡು, ತಡವಾದದ್ದಕ್ಕೆ ಬೈಯಲು ಬಂದರೆಂದೇ ತಿಳಿದ.

"ಈಗ್ತಾನೆ ಕಂಬ ಅತ್ತಿವ್ನಿ ಯಜಮಾನ್ರೇ. ಅತ್ ನಿಮ್ಸ ಕೊಡಿ."

 ಮಾವ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟ. ಸೌಟನ್ನು ಪಕ್ಕಕ್ಕಿಟ್ಟ.

"ಎಷ್ಟೊತ್ತಾದ್ರೂ ಆಗ್ಲಿ ಮಗಾ," ಎಂದ. "ನಿಧಾನುಕ್ ಮಾಡು."

ಅವನು ಇಳಿದು ನೆಲಕ್ಕೆ ಕಾಲಿಡುವ ತನಕ ಮಾವ ಅಲ್ಲಿಂದ ಏಳಲಿಲ್ಲ. ಆಮೇಲೆ ಅವನ ಕೈ ಹಿಡಿದು ಕರೆತಂದು ಮೊದಲ ಪಂಕ್ತಿಯಲ್ಲಿ, ಬೀಗರ ನಡುವೆ ಕೂರಿಸಿದ. ಇವರು ಯಾರ ಕಡೆಯವರು ಎಂದು ಆ ಹಿರಿಯರು ಹುಬ್ಬೇರಿಸಿದರು. ನಮ್ಮ ಕಡೆ ಎಂದ ಮಾವ. ಬಡಿಸಲು ನನ್ನನ್ನೇ ನಿಲ್ಲಿಸಿದ.

ಮುದ್ದೆ ಇಟ್ಟೆ, ಸಾರು ಬಿಟ್ಟೆ. ಆ ಕೈ ಮುದ್ದೆ ಮುರಿಯುವುದನ್ನು, ಸಾರಿನಲ್ಲಿ ಹೊರಳಿಸುವುದನ್ನು, ಬಾಯಿಗೆ ಏರುವುದನ್ನು ನೋಡುತ್ತ ಅಲ್ಲೇ ನಿಂತೆ. ಅವನ ಫೋನು ಬಡಿದುಕೊಂಡಿತು. ಎಡಗೈಯಲ್ಲಿ ಕಿವಿಗೆ ಹಿಡಿದ.

"ಬೀಗ್ರೂಟುಕ್ ಕೂರುಸ್ಕಂಡವ್ರೆ ಕಣೆ," ಎಂದ ಹೆಂಡತಿಗೆ. "ಉಣ್ಕಂಡ್ ಬತ್ತೀನಿ. ಕಾಯ್ಬೇಡ, ನೀನುಣ್ಣು."