ಕಾಣದ ದಾರಿ ಹಾಕಿದ ತಪ್ಪಿಗೆ

ಕಣ್ಣಿಗೆ ಕಾಣದ್ದನ್ನು ಮಾಡಿಟ್ಟವನಿಗೆ ಒಂದು ತೊಂದರೆ ಇದೆ. ಅದು ಅವನಿಗೂ ಕಾಣುವುದಿಲ್ಲ. ಎಪ್ಪತ್ತೊಂದು ವರ್ಷ ಬದುಕಿ, ಅದರಲ್ಲಿ ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಕೀಮನ್ ಆಗಿ ದುಡಿದರೂ ಇಷ್ಟು ಸಣ್ಣ ವಿಷಯ ನನಗೆ ತಿಳಿದದ್ದು ಸಿಂಗಾಪುರದ ಸೆರಂಗೂನಿನ ಫ್ಲ್ಯಾಟಿನಲ್ಲಿ, ಒಂಬತ್ತು ವರ್ಷದ ಮೊಮ್ಮಗಳು ಇಂಚರಳ ಕಂಪ್ಯೂಟರಿನ ಮುಂದೆ. ಕೀಮನ್ ಎಂದರೆ ದಿನಾ ಬೆಳಿಗ್ಗೆ ಹಳಿಯ ಗುಂಟ ನಡೆದು, ಹಳಿಯನ್ನು ಹಿಡಿದಿಡುವ ಕಬ್ಬಿಣದ ಕೀಲಿಗಳಲ್ಲಿ ಸಡಿಲವಾದವನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡುವವನು. ಮೆಟ್ರಿಕ್ ಪಾಸಾದವನಿಗೆ ಆ ಕಾಲಕ್ಕೆ ಒಳ್ಳೆಯ ನೌಕರಿಯೇ. ಹಳಿಯನ್ನು ಕಾಯುವುದಕ್ಕೆ ಸಂಬಳ ತಿಂದ ಮನುಷ್ಯ ಮುದಿ ವಯಸ್ಸಿನಲ್ಲಿ ಹಳಿಯನ್ನು ಮಾಯ ಮಾಡುವ ವಿದ್ಯೆ ಕಲಿತ. ಅದರ ತಪ್ಪೊಪ್ಪಿಗೆ ಇದು.

೨೦೧೭ರಲ್ಲಿ ನಾನು ಮಗಳು ಗಿರಿಜೆಯ ಮನೆಗೆ ಇರಲು ಬಂದೆ. ಅಳಿಯ ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹತ್ತಿ ಜುರಾಂಗ್ ಐಲ್ಯಾಂಡಿನ ಕಾರ್ಖಾನೆಗೆ ಹೋಗುತ್ತಿದ್ದ. ಗಿರಿಜೆ ಎಂಆರ್‌ಟಿ ರೈಲು ಹಿಡಿದು ಆಫೀಸಿಗೆ, ಇಂಚರ ಶಾಲೆಗೆ. ಮಧ್ಯಾಹ್ನದವರೆಗೆ ಮನೆ ನನ್ನದು, ಮತ್ತು ಫ್ಯಾನಿನದು. ಇಂಚರಳ ಕಂಪ್ಯೂಟರಿನಲ್ಲಿ ಒಂದು ಆಟವಿತ್ತು. ಥೀಮ್ ಪಾರ್ಕ್ ಕಟ್ಟುವುದು: ಗೇಟು, ದಾರಿ, ತಿರುಗುವ ತೊಟ್ಟಿಲು, ಪಾಪ್‌ಕಾರ್ನ್ ಅಂಗಡಿ, ಅವುಗಳ ನಡುವೆ ಓಡಾಡುವ ಬೆರಳುದ್ದದ ಜನ. ಸಂಜೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಹಚ್ಚುತ್ತಿದ್ದಳು. ಏನು ಕೆಲಸ? ಕಸದ ಡಬ್ಬಿ ಇಡುವುದು. ಒಮ್ಮೆ ಡಬ್ಬಿಯನ್ನು ದಾರಿಯ ನಟ್ಟನಡುವೆ ಇಟ್ಟೆ. "ಅಯ್ಯೋ ಅಜ್ಜಾ, ಹಂಗಲ್ಲ ಲಾ! ಜನ ಬಿದ್ದುಬಿಡ್ತಾರೆ. ನಿಂಗೆ ದಾರಿ ಅಂದ್ರೆ ಏನಂತಾನೇ ಗೊತ್ತಿಲ್ಲ." ಲಾ ಎಂಬುದು ಸಿಂಗಾಪುರದವರ ಮಾತಿನ ಬಾಲ. ಕೀಮನ್‌ಗೆ ಹೇಳುವ ಮಾತೇ ಇದು?

ಮಾನ ಉಳಿಸಿಕೊಳ್ಳಲು ಹಗಲಲ್ಲಿ ಕದ್ದು ಆಡತೊಡಗಿದೆ. ಯಾರೋ ಹುಡುಗ ವಿಡಿಯೊದಲ್ಲಿ ಒಂದು ಉಪಾಯ ತೋರಿಸಿದ್ದ. ದಾರಿಗೆ ಕಲ್ಲು, ಇಟ್ಟಿಗೆ ಹಾಸುವ ಬದಲು ಏನೂ ಇಲ್ಲದ ಹಾಸು ಆರಿಸಿದರೆ ದಾರಿ ಇರುತ್ತದೆ, ಕಾಣುವುದಿಲ್ಲ. ಜನ ಗಾಳಿಯ ಮೇಲೆ ನಡೆಯುತ್ತಾರೆ. ಪುಟಾಣಿ ರೈಲಿನ ಹಳಿಯನ್ನೂ ಹೀಗೇ ಅಡಗಿಸಬಹುದು. ಇಂಚರಳ ಬಾಯಿ ಮುಚ್ಚಿಸಬೇಕೆಂದು ಅವಳ ಪಾರ್ಕಿನ ಹುಲ್ಲುಬಯಲಿನ ಮೇಲೆ ಆಳೆತ್ತರದಲ್ಲಿ ಕಾಣದ ಹಳಿ ಹಾಕಿದೆ, ಅದರ ಪಕ್ಕಕ್ಕೆ ಕಾಣದ ದಾರಿ. ಅರ್ಧ ಮುಗಿದಿತ್ತು, ಬಾಗಿಲಲ್ಲಿ ಬೀಗದ ಕೈ ಸದ್ದಾಯಿತು. ಗಿರಿಜೆ ಬೇಗ ಬಂದಿದ್ದಳು. ಹಿಂದೊಮ್ಮೆ ಇದೇ ಕಂಪ್ಯೂಟರಿಗೆ ಚಹಾ ಕುಡಿಸಿದ್ದೆ. ಅಂದಿನಿಂದ ಇಂಚರ ಪಕ್ಕದಲ್ಲಿಲ್ಲದಾಗ ನನಗೆ ಅದನ್ನು ಮುಟ್ಟುವ ಹಕ್ಕಿರಲಿಲ್ಲ. ಗಡಿಬಿಡಿಯಲ್ಲಿ ಮುಚ್ಚಿಬಿಟ್ಟೆ. ಕೆಲಸ ಅರ್ಧಕ್ಕೆ ನಿಂತರೆ ಕೆಂಪು ಬಾವುಟ ನೆಟ್ಟು ಹೋಗಬೇಕೆಂಬುದು ನಮ್ಮ ಇಲಾಖೆಯ ಮೊದಲ ಪಾಠ. ನಾನು ಬಾವುಟ ನೆಡಲಿಲ್ಲ.

ಆಗ ಚೀನೀಯರ ಏಳನೇ ತಿಂಗಳು ನಡೆದಿತ್ತು. ಸತ್ತವರು ಬಂದು ಹೋಗುವ ತಿಂಗಳು. ನಮ್ಮ ಬ್ಲಾಕಿನ ಪಕ್ಕದಲ್ಲಿ ಕಾಗದ ಸುಟ್ಟ ವಾಸನೆ. ಮೈದಾನದಲ್ಲಿ ವೇದಿಕೆ ಹಾಕಿ ಹಾಡಿಸುತ್ತಿದ್ದರು. ಮುಂದಿನ ಸಾಲಿನ ಕುರ್ಚಿಗಳು ಖಾಲಿ. ಅವು ಆ ಕಡೆಯಿಂದ ಬಂದವರಿಗೆ. ಇಂಚರ ಹೋಗಿ ಅಲ್ಲೇ ಕೂರಲು ನೋಡಿದ್ದಳು, ಗಿರಿಜೆ ರೆಟ್ಟೆ ಹಿಡಿದು ಎಳೆದಿದ್ದಳು.

ಆ ಸಂಜೆ ಇಂಚರ ಕೂಗಿದಳು. "ಅಜ್ಜಾ, ಕಮ್ ಸೀ! ಜನ ಗಾಳೀಲಿ ನಡೀತಿದಾರೆ." ಹೋಗಿ ನೋಡಿದೆ. ಇಪ್ಪತ್ತು ಜನ ಸಾಲಾಗಿ, ಕಾಲಡಿ ಏನೂ ಇಲ್ಲದೆ, ಬಯಲಿನ ಮೇಲೆ ನಡೆದು ಬರುತ್ತಿದ್ದರು. ಒಂದು ಕಡೆ ತಟ್ಟನೆ ನಿಲ್ಲುವರು, ತಿರುಗುವರು, ಮತ್ತೆ ಬರುವರು. ರೈಲು ಅವರನ್ನು ಅಲ್ಲಿ ಇಳಿಸಿತ್ತು, ಅಲ್ಲಿಂದ ಹಿಂದೆ ಹೋಗುವ ದಾರಿಯನ್ನು ನಾನು ಜೋಡಿಸಿರಲಿಲ್ಲ. ತುತ್ತತುದಿಯಲ್ಲಿ ಬಿಳಿ ಅಂಗಿಯವನೊಬ್ಬ ಮಾತ್ರ ತಿರುಗದೆ ನಮ್ಮ ಕಡೆಗೇ ಮುಖ ಮಾಡಿ ನಿಂತಿದ್ದ. ಅಡುಗೆಮನೆಯಲ್ಲಿ ಗಿರಿಜೆಯ ಲಟ್ಟಣಿಗೆ ಸದ್ದು ನಿಂತಿತು, ಕೇಳಿಸಿಕೊಳ್ಳುತ್ತಿದ್ದಾಳೆ. ನಿಜ ಹೇಳಿದರೆ ಕದ್ದು ಆಡಿದ್ದು ಬಯಲಾಗುತ್ತದೆ. ಮೆಲ್ಲಗೆ ಅಂದೆ: "ಏಳನೇ ತಿಂಗಳು ಅಲ್ಲೇನು ಪುಟ್ಟವ್ವಾ. ಅವರು ಬಂದಿರಬೇಕು."

ಚೇಷ್ಟೆಗೆ ಅಂದದ್ದು. ಅವಳು ನಗಲಿಲ್ಲ. "ಖಾಲಿ ಕುರ್ಚಿಯವರಾ?" ಎಂದು ಕೇಳಿದಳು. ನಾನು "ಹೂಂ" ಅಂದೆ.

ಮರುದಿನವೇ ಅವಳ ಪಾರ್ಕಿನಲ್ಲಿ ಒಂದು ವೇದಿಕೆ ಎದ್ದಿತು, ಅದರ ಮುಂದೆ ಒಂದು ಸಾಲು ಖಾಲಿ ಬೆಂಚು. ನಾಲ್ಕು ದಿನಕ್ಕೆ ಶಾಲೆಯಿಂದ ಗಿರಿಜೆಗೆ ಫೋನು ಬಂತು. "ಅಪ್ಪಾ, ಕಾರಿಡಾರ್‌ನ್ಯಾಗ ನಡಿಯಾಕ ಒಲ್ಲೆ ಅಂತಾಳಂತ. ಗ್ವಾಡಿ ಹಿಡ್ಕೊಂಡು ನಿಂತಿದ್ಲಂತ. ನಿಮಗೇನರ ಗೊತ್ತೈತೇನು?" ಎಂದಳು ಗಿರಿಜೆ. "ನನಗೇನ್ ಗೊತ್ತವ್ವಾ," ಎಂದೆ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಮರುದಿನ ಎಲ್ಲರೂ ಹೋದ ಮೇಲೆ ದಾರಿಯನ್ನು ಅಳಿಸೋಣವೆಂದು ಕೂತೆ. ಎಲ್ಲಿದೆ ದಾರಿ? ನಾನೇ ಹಾಕಿದ್ದು, ನನಗೇ ಕಾಣದು. ಜನ ಮಾತ್ರ ಹೆಚ್ಚಾಗಿದ್ದರು. ಖಾಲಿ ಬಯಲಿನಲ್ಲಿ ರೈಲು ಎಲ್ಲಿಂದಲೋ ತೇಲಿ ಬಂದು ಎಲ್ಲಿಗೋ ತೇಲಿ ಹೋಯಿತು. ಯಾವ ಕಡೆಯಿಂದ ನೋಡಿದರೂ ಬಿಳಿ ಅಂಗಿಯವನು ನನ್ನ ಕಡೆಗೇ ನೋಡುತ್ತಿದ್ದ. ಹೊರಗೆ ಯಾರದೋ ಹೆಜ್ಜೆ ನಮ್ಮ ಬಾಗಿಲವರೆಗೆ ಬಂದು ನಿಂತ ಹಾಗಾಯಿತು. ಬೆಲ್ ಆಗಲಿಲ್ಲ. ಹಿಂದಕ್ಕೆ ಹೋದ ಸದ್ದೂ ಇಲ್ಲ. ಕಂಪ್ಯೂಟರ್ ಮುಚ್ಚಿದೆ. ನೀರು ಕುಡಿಯಲು ಅಡುಗೆಮನೆಗೆ ಹೋದವನು ಗೋಡೆ ಹಿಡಿದುಕೊಂಡು ಹೋದೆ ಎಂಬುದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಅವತ್ತು ಶಾಲೆಯ ಬಸ್ಸಿನಿಂದ ಇಳಿದ ಇಂಚರ ಲಿಫ್ಟಿನಲ್ಲಿ ನನ್ನ ಬೆರಳು ಬಿಗಿಯಾಗಿ ಹಿಡಿದು ಮೂಲೆಗೆ ಒತ್ತಿ ನಿಂತಳು. ನನ್ನನ್ನೂ ಎಳೆದುಕೊಂಡಳು. "ಯಾಕ ಪುಟ್ಟವ್ವಾ, ಇಷ್ಟು ಜಾಗ ಐತಲ್ಲ?" ಎಂದೆ. "ಅವರೂ ನಿಲ್ಲಬೇಕಲ್ಲ ಅಜ್ಜಾ," ಎಂದಳು. ಅವಳ ಕೈ ತಣ್ಣಗಿತ್ತು.

"ದಾರಿ ಹಾಕಿದಾಂವ ನಾನ," ಎಂದೆ ಮನೆಗೆ ಬಂದ ಮೇಲೆ. ಅವಳು ನಂಬಲಿಲ್ಲ. "ಸುಮ್ನೆ ಹೇಳ್ತಿದೀಯ, ನಂಗೆ ಭಯ ಆಗಬಾರದು ಅಂತ. ಪ್ರೂವ್ ಮಾಡು."

ಕಾಣದ್ದನ್ನು ರುಜುವಾತು ಮಾಡುವುದು ಹೇಗೆ? ಸಡಿಲ ಕೀಲಿ ಕಣ್ಣಿಗೆ ಕಾಣದಿದ್ದರೆ ಬಡಿದು ನೋಡುತ್ತಿದ್ದೆವು. ಈ ಆಟದಲ್ಲಿ ದಾರಿಯಿದ್ದ ಕಡೆ ಗಿಡ ನೆಡಲು ಬಿಡುವುದಿಲ್ಲ, ಗಿಡ ಕೆಂಪಾಗುತ್ತದೆ. ಬಯಲಿನಲ್ಲಿ ಒಂದು ತುದಿಯಿಂದ ಗಿಡ ಇಟ್ಟು ನೋಡುತ್ತ ಹೊರಟೆವು. ಹಸಿರು, ಹಸಿರು, ಕೆಂಪು. "ಇಲ್ಲಿದೆ!" ಎಂದು ಇಂಚರ ಕಿರುಚಿದಳು. ಕೆಂಪಾದಲ್ಲೆಲ್ಲ ಇಟ್ಟಿಗೆ ಹಾಸಿ, ತುದಿಯನ್ನು ಅವಳ ದಾರಿಗೆ ಜೋಡಿಸಿದೆವು. ಜನ ಸಾಲಾಗಿ ಇಳಿದು ಪಾಪ್‌ಕಾರ್ನ್ ಅಂಗಡಿಗೆ ಮುತ್ತಿಗೆ ಹಾಕಿದರು. ಬಿಳಿ ಅಂಗಿಯವನು ಮಾತ್ರ ಕದಲಲಿಲ್ಲ.

"ನಿನ್ನೇ ನೋಡ್ತಿದಾನೆ. ಸಾರಿ ಹೇಳು ಅಜ್ಜಾ."

ಪರದೆಗೆ ಕೈ ಮುಗಿದು ತಪ್ಪಾಯಿತೆಂದೆ. ಆಗ ಅವನು ತಿರುಗಿ ನಡೆದು ಹೋದ. ಕಾಕತಾಳೀಯ ಎನ್ನುತ್ತೇನೆ. ಗಟ್ಟಿಯಾಗಿ ಎನ್ನುವುದಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಇಂಚರಳೇ ಎಲ್ಲ ಹೇಳಿದಳು. ಗಿರಿಜೆ ನನ್ನ ತಟ್ಟೆಗೆ ರೊಟ್ಟಿ ಹಾಕುತ್ತ, "ಕಂಪ್ಯೂಟರ್ ಮುಟ್ಟಿದ್ದಕ್ಕ ನಾ ಏನೂ ಅಂತಿರಲಿಲ್ಲಪ್ಪಾ," ಎಂದಳಷ್ಟೇ. ಬೈದಿದ್ದರೆ ಇನ್ನೊಂದು ರೊಟ್ಟಿ ಕೇಳುತ್ತಿದ್ದೆ.

ಇಂಚರ ಈಗ ಕಾರಿಡಾರಿನಲ್ಲಿ ಓಡುತ್ತಾಳೆ, ಯಾವ ದೆವ್ವಕ್ಕೂ ಹೆದರುವುದಿಲ್ಲ. ಆದರೆ ಬೆಳಿಗ್ಗೆ ನಾನು, "ಮಳಿ ಬರಾಕತ್ತೈತಿ, ಛತ್ರಿ ತಗೋ ಪುಟ್ಟವ್ವಾ," ಎಂದರೆ ಬಾಗಿಲ ಬಳಿಯಿಂದ ಕಿಟಕಿಗೆ ಹೋಗುತ್ತಾಳೆ, ಸರಳುಗಳ ನಡುವೆ ಕೈ ಹೊರಗೆ ಚಾಚಿ ನಿಲ್ಲುತ್ತಾಳೆ. ಅಂಗೈ ಒದ್ದೆಯಾದ ಮೇಲೆ ನನ್ನ ಕಡೆ ತಿರುಗಿ, "ಓಕೆ ಅಜ್ಜಾ, ಇದು ನಿಜ," ಎಂದು ಪಾಸು ಮಾಡುತ್ತಾಳೆ. ಆಮೇಲೇ ಛತ್ರಿ ತೆಗೆದುಕೊಳ್ಳುವುದು.