ಎಡವಟ್ಟಿನ ಕೇಕು

ಆ ಗುರುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಟೋರ್ಕಿಲನ ಬಾಯಿಂದ "ಓವ್!" ಎಂಬ ಒಂದೇ ಒಂದು ಉದ್ಗಾರ ಹೊರಬಿತ್ತು. ಅವನ ದಿನ ಕೆಡಲು ಅಷ್ಟು ಸಾಕಾಯಿತು.

ಓವ್ ಎನ್ನುವುದು ಬೈಗುಳವಲ್ಲ. ಬಸ್ಸು ತಪ್ಪಿದಾಗ, ಸೈಕಲ್ಲಿನ ಗಾಳಿ ಹೋದಾಗ ಅವನ ಊರಾದ ಆರ್ಹಸ್ಸಿನಲ್ಲಿ ಪಾದ್ರಿಯೂ ಅನ್ನುವ ಮಾತು. ಆದರೆ ಟೋರ್ಕಿಲ್ ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಅದನ್ನು ಗಟ್ಟಿಯಾಗಿ ಅನ್ನುವ ಹಾಗಿರಲಿಲ್ಲ. ಅಲ್ಲಿ ಎಡವಟ್ಟು ಮಾಡಿದವರು ಶುಕ್ರವಾರ ಎಲ್ಲರಿಗೂ ಕೇಕು ತರಬೇಕು. ಹಿಂದಿನ ಎರಡು ವಾರ ಯಾರೂ ಏನೂ ಕೆಡಿಸದೆ ಇಡೀ ಕಾರಿಡಾರು ಕೇಕಿಲ್ಲದೆ ಒಣಗಿತ್ತು. ಓವ್ ಎಂದು ಕೇಳಿದ್ದೇ ತಡ, ಮೂರು ಬಾಗಿಲು ಒಟ್ಟಿಗೇ ತೆರೆದುಕೊಂಡವು.

ಮೊದಲು ಬಂದವಳು ಗೂಡ್ರುನ್. ಮೂವತ್ತೊಂದು ವರ್ಷದಿಂದ ಅಲ್ಲಿ ತಂತ್ರಜ್ಞೆ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಕೇಕಿನ ಪಟ್ಟಿಗೆ ಒಡತಿ. ಓರೆಯಾದದ್ದನ್ನು ಕಂಡರೆ ಅವಳಿಗೆ ತಡೆಯದು. ಮಗ್ಗುಗಳ ಹಿಡಿಗಳನ್ನೆಲ್ಲ ಬಲಕ್ಕೆ ತಿರುಗಿಸುತ್ತಾಳೆ, ಬೇರೆಯವರ ಮೇಜಿನ ಪೆನ್ನುಗಳನ್ನು ಸಾಲಾಗಿ ಮಲಗಿಸುತ್ತಾಳೆ. ಮಾಡಬೇಡ ಎಂದವರಿಗೆ "ಪರವಾಗಿಲ್ಲ ಬಿಡಿ, ನಂಗೇನೂ ಕಷ್ಟ ಇಲ್ಲ" ಎನ್ನುತ್ತಾಳೆ.

"ಏನಾಯ್ತಪ್ಪ ಟೋರ್ಕಿಲ್? ಎಡವಟ್ಟಾ?" ಎಂದಳು. ದನಿಯಲ್ಲಿ ಮರುಕವಿತ್ತು, ಕಣ್ಣಿನಲ್ಲಿ ಕೇಕಿನ ಕೆನೆ.

"ಏನೂ ಇಲ್ಲ. ಸುಮ್ನೆ ಅಂದೆ."

"ಸುಮ್ಸುಮ್ನೆ ಯಾರೂ ಓವ್ ಅನ್ನಲ್ಲ."

ಏನೋ ಆಗಿದ್ದಂತೂ ನಿಜ. ನಮ್ಮ ಮೈಯ ಬಿಳಿ ರಕ್ತಕಣಗಳದ್ದು ಒಂದು ಸ್ವಭಾವವಿದೆ. ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾವನ್ನು ನುಂಗಿ ತಮ್ಮೊಳಗಿನ ಚೀಲದಲ್ಲಿ ಕೂಡಿಹಾಕಿಕೊಂಡಿರುವವರೆಗೂ ಹೆಚ್ಚು ಸದ್ದು ಮಾಡುವುದಿಲ್ಲ. ಅದು ಚೀಲ ಹರಿದುಕೊಂಡು ನಡುಮನೆಗೆ ನುಗ್ಗಿತೋ, ಇಂಟರ್‌ಫೆರಾನ್ ಎಂಬ ರಸ ಸುರಿಸಿ ಕೂಗು ಹಾಕುತ್ತವೆ. ಕೂಗು ಕೇಳಿ ನೆರೆಹೊರೆಯ ಕಣಗಳೆಲ್ಲ ಎದ್ದು ನಿಲ್ಲುತ್ತವೆ. ಬಂದದ್ದು ವೈರಸ್ಸಾದರೆ ಇದರಿಂದ ಊರು ಉಳಿಯುತ್ತದೆ. ಬ್ಯಾಕ್ಟೀರಿಯಾ ಆದರೆ ಎಷ್ಟೋ ಸಲ ಈ ನೂಕುನುಗ್ಗಲಿನಲ್ಲಿ ಕಳ್ಳನಿಗೇ ಅನುಕೂಲ. ಟೋರ್ಕಿಲ್ ಮೂರು ವರ್ಷದಿಂದ ಈ ಕೂಗನ್ನೇ ಅಳೆಯುತ್ತಿದ್ದ.

ಅಳೆಯುವುದಕ್ಕೆ ಪಡ್ಡಿನ ಕಾವಲಿಯ ಹಾಗೆ ಗುಳಿಗುಳಿಯಾದ ಪುಟ್ಟ ಪ್ಲಾಸ್ಟಿಕ್ ತಟ್ಟೆ. ಎಡಗಡೆಯ ಗುಳಿಗಳಲ್ಲಿ ಬ್ಯಾಕ್ಟೀರಿಯಾ ತಗುಲಿದ ಕಣಗಳ ರಸ, ಬಲಗಡೆ ತಗುಲದ ಕಣಗಳದ್ದು. ಇಂಟರ್‌ಫೆರಾನ್ ಇದ್ದ ಗುಳಿ ಹಳದಿಯಾಗುತ್ತದೆ. ಅಂದರೆ ಎಡಕ್ಕೆ ಹಳದಿ ಬರಬೇಕು, ಬಲಕ್ಕೆ ನೀರಿನ ಬಣ್ಣ. ಟೋರ್ಕಿಲ್ ಎಂದಿನಂತೆ ತಟ್ಟೆಯನ್ನು ಯಂತ್ರಕ್ಕೆ ಹೊಂದುವ ಹಾಗೆ ಮೇಜಿನ ಮೇಲಿಟ್ಟು, ಕಾಫಿ ತಂದು, ಅದು ಇದ್ದ ಹಾಗೆಯೇ ಎದುರಿನ ಯಂತ್ರದೊಳಕ್ಕೆ ನೂಕಿದ್ದ. ಯಂತ್ರ ಓದಿ ತೆರೆಯ ಮೇಲೆ ತೋರಿಸಿದ ಸಂಖ್ಯೆಗಳು ಪೂರ್ತಿ ಉಲ್ಟಾ ಇದ್ದವು. ರೋಗ ತಗುಲಿದ ಕಣಗಳು ತೆಪ್ಪಗೆ ಕೂತಿದ್ದವು, ಆರೋಗ್ಯವಾಗಿದ್ದವು ಬೊಬ್ಬೆ ಹೊಡೆಯುತ್ತಿದ್ದವು.

ಅವತ್ತೇ ಮಧ್ಯಾಹ್ನ ಎರಡಕ್ಕೆ ಕೋಪನ್‌ಹೇಗನ್ನಿನಲ್ಲಿ ಸಂಶೋಧನೆಗೆ ಹಣ ಕೊಡುವ ಪ್ರತಿಷ್ಠಾನದವರ ಸಭೆ. ಅಷ್ಟರೊಳಗೆ ಒಳ್ಳೆಯ ಫಲಿತಾಂಶ ಅಲ್ಲಿಗೆ ತಲುಪಿದರೆ ಟೋರ್ಕಿಲನ ನೌಕರಿ ಇನ್ನು ಮೂರು ವರ್ಷ ಗಟ್ಟಿ. ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆ ದಾರಿ. ನಲವತ್ತಾರರ ವಯಸ್ಸಿನಲ್ಲಿ ಮತ್ತೆ ಅರ್ಜಿ ಹಿಡಿದು ಅಲೆಯಬೇಕು.

"ಒಂದ್ನಿಮಿಷ, ಯಂತ್ರದಿಂದ ತಟ್ಟೆ ತೆಗೆದು ಕಣ್ಣಾರೆ ನೋಡ್ತೀನಿ" ಎಂದು ಎದ್ದ.

"ತಟ್ಟೆ ಎಲ್ಲಿಗೆ ಓಡಿಹೋಗತ್ತೆ? ಮೊದ್ಲು ನಿನ್ನ ಇನ್‌ಕ್ಯುಬೇಟರ್ ನೋಡೋಣ ಬಾ. ಕೊಳೆ ಇರತ್ತೆ ಅದ್ರಲ್ಲಿ" ಎಂದು ಗೂಡ್ರುನ್ ಅವನ ತೋಳು ಹಿಡಿದಳು. ಅಷ್ಟರಲ್ಲಿ ಎರಡನೆಯ ಬಾಗಿಲಿನಿಂದ ಮಾಲ್ಟೆ ಬಂದು ತೆರೆಗೆ ಮೂಗು ತಾಗಿಸಿ ನಿಂತ. ಮಾಲ್ಟೆ ವಯಸ್ಸಿನಲ್ಲಿ ಟೋರ್ಕಿಲನಿಗಿಂತ ಹದಿನೈದು ವರ್ಷ ಚಿಕ್ಕವನು. ಓದದ ಪುಸ್ತಕವಿಲ್ಲ, ತೊಳೆದ ಗಾಜಿನ ಲೋಟ ಒಂದೂ ಇಲ್ಲ.

"ಏಯ್, ಇದು ಎಡವಟ್ಟಲ್ಲ ಕಣೋ!" ಎಂದು ಕಿರುಚಿದ. "ಇದು ಶೋಧ!"

ಗೂಡ್ರುನಳ ಮುಖ ಇಳಿಯಿತು. ಶೋಧಕ್ಕೆ ಕೇಕು ತರುವ ಪದ್ಧತಿ ಇಲ್ಲ. ಬೇಸರಕ್ಕೆ ಅವಳು ಒಬ್ಬಳೇ ಕಣಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಕಡೆ ನಡೆದಳು.

"ಆರೋಗ್ಯವಾಗಿರೋ ಕಣಗಳು ಯಾವಾಗ್ಲೂ ಕೂಗ್ತಾನೇ ಇರ್ತವೆ. ಬ್ಯಾಕ್ಟೀರಿಯಾ ಒಳಗೆ ಹೋಗಿ ಅವುಗಳ ಬಾಯಿಗೆ ಬಟ್ಟೆ ತುರುಕತ್ತೆ. ಇಷ್ಟು ದಿನ ಎಲ್ರೂ ಉಲ್ಟಾ ತಿಳ್ಕೊಂಡಿದ್ರು! ಅರ್ಥ ಆಯ್ತಾ?" ಎಂದ ಮಾಲ್ಟೆ.

"ಮಾಲ್ಟೆ, ಮೊದ್ಲು ಆ ತಟ್ಟೆ ಒಂದ್ಸಲ ನೋಡಿಬಿಡ್ತೀನಿ ಮಾರಾಯ."

"ತಟ್ಟೆ ನೋಡಿ ಏನ್ಮಾಡ್ತೀಯ? ಸಂಖ್ಯೆ ನೋಡು, ಸಂಖ್ಯೆ!"

ಮಾಲ್ಟೆ ಹಲಗೆಯ ತುಂಬ ಬಾಣ ಗುರುತು ಬರೆಯುತ್ತ ಹೋದ. ಟೋರ್ಕಿಲ್ ಎರಡು ಸಲ ಯಂತ್ರದ ಕಡೆ ಹೆಜ್ಜೆ ಇಟ್ಟ. ಎರಡು ಸಲವೂ ಮಾಲ್ಟೆ ಅಂಗಿಯ ತೋಳು ಹಿಡಿದು ಎಳೆದು "ಕೇಳಿಲ್ಲಿ" ಎಂದ. ಹನ್ನೊಂದೂವರೆಗೆ ಊಟದ ಗಂಟೆಯಾಯಿತು. ಆ ಕಾರಿಡಾರಿನಲ್ಲಿ ಊಟಕ್ಕೆ ಬಾರದವನಿಗೆ ಒಂದೋ ಜ್ವರ ಬಂದಿರಬೇಕು, ಇಲ್ಲ ವಿಚ್ಛೇದನ ಆಗಿರಬೇಕು. ಎರಡರಲ್ಲಿ ಯಾವುದೇ ಆದರೂ, ಹತ್ತು ಜನ ಬಂದು ವಿಚಾರಿಸುತ್ತಾರೆ. ಟೋರ್ಕಿಲ್ ಸುಮ್ಮನೆ ತನ್ನ ಡಬ್ಬಿ ಹಿಡಿದು ಹೋದ.

ಮೂರನೆಯ ಬಾಗಿಲು ಬೋಡಿಲಳದ್ದು. ಇಡೀ ವಿಭಾಗಕ್ಕೆ ಮುಖ್ಯಸ್ಥೆ. ಅವಳು ಎದುರಿಗೇ ಕೂತಳು.

"ಮಾಲ್ಟೆ ಹೇಳ್ತಿರೋದು ನಿಜಾನಾ ಟೋರ್ಕಿಲ್?"

ಟೋರ್ಕಿಲನ ಬಾಯಿ ತುಂಬ ಲಿವರ್ ಪೇಸ್ಟ್ ಸವರಿದ ಕಪ್ಪು ರೈ ಬ್ರೆಡ್ಡು. ಅದನ್ನು ಬೇಗ ನುಂಗುವುದು ಯಾರಿಗೂ ಸಾಧ್ಯವಿಲ್ಲ. "ಗೊತ್ತಿಲ್ಲ, ಇನ್ನೂ ತಟ್ಟೆ..." ಎನ್ನುವಷ್ಟರಲ್ಲಿ ಕೆಮ್ಮು ಬಂತು.

"ನೋಡಿದ್ರಾ, ಇವನಿಗೆ ವಿನಯಾನೇ ಕಾಯಿಲೆ!" ಎಂದು ಬೋಡಿಲ್ ಎದ್ದು ನಿಂತಳು. "ಎರಡು ಗಂಟೆಗೆ ಸಭೆ. ನಾನೀಗ್ಲೇ ಫೋನ್ ಮಾಡ್ತೀನಿ."

ಟೋರ್ಕಿಲ್ ಕೆಮ್ಮುತ್ತಲೇ ಹಿಂದೆ ಓಡಿದ. ಅವಳ ಬಾಗಿಲು ಮುಚ್ಚಿತ್ತು, ಹಿಡಿಗೆ ಕೆಂಪು ಚೀಟಿ ನೇತಾಡುತ್ತಿತ್ತು. ಕೆಂಪು ಚೀಟಿ ಇದ್ದಾಗ ಬೆಂಕಿ ಬಿದ್ದರೂ ಬಾಗಿಲು ತಟ್ಟುವ ಹಾಗಿಲ್ಲ. ಯಂತ್ರದ ಮುಂದೆ ಮಾಲ್ಟೆ ನಾಲ್ಕು ಜನರನ್ನು ಸೇರಿಸಿಕೊಂಡು ಸಂಖ್ಯೆ ತೋರಿಸುತ್ತಿದ್ದ, ಹತ್ತಿರ ಸುಳಿಯಲು ಬಿಡಲಿಲ್ಲ. ಸರಿ, ಇನ್ನೊಂದು ತಟ್ಟೆಯನ್ನಾದರೂ ಮಾಡಿ ನೋಡೋಣ ಎಂದು ಇನ್‌ಕ್ಯುಬೇಟರಿಗೆ ಹೋದರೆ ಅದು ಖಾಲಿ! ಸ್ಪಿರಿಟ್ ಹಾಕಿ ಒರೆಸಿ ಫಳಫಳ ಹೊಳೆಯುತ್ತಿತ್ತು. ಅವನ ಕಣಗಳ ಬಾಟಲಿಗಳೆಲ್ಲ ತೆರೆದ ಕಿಟಕಿಯ ಕಟ್ಟೆಯ ಮೇಲೆ, ನವೆಂಬರಿನ ಗಾಳಿಗೆ, ಹೆಸರು ಮುಂದೆ ಕಾಣುವಂತೆ ಸಾಲಾಗಿ ನಿಂತಿದ್ದವು.

"ಗೂಡ್ರುನ್! ಇದ್ಯಾಕೆ ಇಲ್ಲಿಟ್ಟೆ?"

"ಸ್ಪಿರಿಟ್ ವಾಸನೆ ಹೋಗ್ಲಿ ಅಂತ ಕಿಟಕಿ ತೆಗ್ದೆ. ನೀನು ಅವನ್ನ ಎಷ್ಟು ಓರೆಯಾಗಿ ಇಟ್ಟಿದ್ದೆ ಗೊತ್ತಾ? ಪರವಾಗಿಲ್ಲ ಬಿಡು, ನಂಗೇನೂ ಕಷ್ಟ ಆಗ್ಲಿಲ್ಲ."

ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಬಾಟಲಿ ನೋಡಿದ. ಕಣಗಳೆಲ್ಲ ಒಣದ್ರಾಕ್ಷಿಯ ಹಾಗೆ ಮುದುಡಿದ್ದವು. ಯಾರ ಮೇಲೆ ಕೂಗಾಡುವುದು? ಎಲ್ಲರೂ ಸಹಾಯ ಮಾಡುವವರೇ. ಟೋರ್ಕಿಲನಿಗೆ ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು.

ಮೂರು ಗಂಟೆಗೆ ಕೆಂಪು ಚೀಟಿ ಕೆಳಗಿಳಿಯಿತು. ಬೋಡಿಲ್ ಬಂದು ಅವನ ಎರಡೂ ಭುಜ ಹಿಡಿದು ಅಲುಗಾಡಿಸಿದಳು. "ಒಪ್ಪಿದ್ರು ಕಣೋ! ಹಳೇ ಕತೆ ಆಗಿದ್ರೆ ಬೇಡ ಅಂತಿದ್ರಂತೆ. ಹೊಸದು ಅಂತ ಕೇಳಿ ಸಭೆ ಮುಗಿಯೋ ಮುಂಚೇನೇ ಒಪ್ಪಿದ್ರು. ಇನ್ನು ಮೂರು ವರ್ಷ ನೀನು ಎಲ್ಲಿಗೂ ಹೋಗ್ಬೇಕಾಗಿಲ್ಲ!"

ಮಾಲ್ಟೆ ಚಪ್ಪಾಳೆ ತಟ್ಟಿದ. ಗೂಡ್ರುನ್ ಕೂಡ ಒಲ್ಲದ ಮನಸ್ಸಿನಿಂದ ಎರಡು ಸಲ ತಟ್ಟಿದಳು. ಟೋರ್ಕಿಲನಿಗೆ ಮೈ ಹಗುರವಾಯಿತು. ಮಾಲ್ಟೆಯ ಮಾತೇ ನಿಜವಿದ್ದರೂ ಇರಬಹುದಲ್ಲ ಎನ್ನಿಸಿತು. ಆ ಗುಂಗಿನಲ್ಲೇ ಸಿಳ್ಳೆ ಹಾಕುತ್ತ ಯಂತ್ರ ಆರಿಸಲು ಹೋಗಿ ಗುಂಡಿ ಒತ್ತಿದ. ಬೆಳಗಿನಿಂದ ಒಳಗೇ ಕೂತಿದ್ದ ತಟ್ಟೆ ಮೆಲ್ಲಗೆ ಹೊರಗೆ ಜಾರಿತು.

ತಟ್ಟೆಯ ಒಂದು ಮೂಲೆ ಕತ್ತರಿಸಿರುತ್ತದೆ. ಅದು ಎಡಕ್ಕಿರಬೇಕು. ಬಲಕ್ಕಿತ್ತು.

ಕೈಯಲ್ಲಿ ಹಿಡಿದು ತಿರುಗಿಸಿದ. ಎಡಗಡೆ ಚೊಕ್ಕ ಹಳದಿ, ಬಲಗಡೆ ತಿಳಿನೀರು. ಮೂರು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ತಟ್ಟೆ ಅವನಿಗೆ ಒಂದೂ ಬಂದಿರಲಿಲ್ಲ. ತಾನು ಹೇಳುತ್ತ ಬಂದದ್ದೆಲ್ಲ ಸರಿಯಾಗಿತ್ತು. ಹಾಗಾಗಿ ತನ್ನ ಕೆಲಸ ಹೋಯಿತು.

ಸುತ್ತ ಯಾರೂ ಇರಲಿಲ್ಲ. ತಟ್ಟೆಯನ್ನು ಕಸದ ಡಬ್ಬಿಗೆ ಹಾಕಿ ಬಾಯಿ ಮುಚ್ಚಿಕೊಂಡಿದ್ದರೆ ಮೂರು ವರ್ಷದ ಸಂಬಳ ಬರುತ್ತಿತ್ತು. ಹತ್ತು ನಿಮಿಷ ಅಲ್ಲೇ ನಿಂತ. ಸುಳ್ಳೆಂದು ಗೊತ್ತಿರುವುದನ್ನು ನಿಜ ಮಾಡಲು ಮೂರು ವರ್ಷ ದಿನಾ ಬೆಳಿಗ್ಗೆ ಎದ್ದು ಸೈಕಲ್ಲು ತುಳಿಯಬೇಕಲ್ಲ ಎಂದುಕೊಂಡಾಗ ಕಾಲು ತಾನಾಗಿಯೇ ಬೋಡಿಲಳ ಕೋಣೆಯ ಕಡೆ ನಡೆಯಿತು.

ಬೋಡಿಲ್ ತಟ್ಟೆ ನೋಡಿದಳು, ಅವನನ್ನು ನೋಡಿದಳು, ಕೊನೆಗೆ ಫೋನು ನೋಡಿದಳು. "ಹೇಳಿದ್ದು ಒಳ್ಳೇದಾಯ್ತು" ಎಂದು ಕೆಂಪು ಚೀಟಿಯನ್ನು ಮತ್ತೆ ತೂಗುಹಾಕಿದಳು. ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಟೋರ್ಕಿಲನಿಗೆ ತಿಂಗಳ ಕೊನೆಯೇ ಕೊನೆ.

ಅಡುಗೆ ಕೋಣೆಯಲ್ಲಿ ಗೂಡ್ರುನ್ ಫ್ರಿಜ್ಜಿನ ಮುಂದೆ ಪೆನ್ನು ಬಿಚ್ಚಿಕೊಂಡೇ ನಿಂತಿದ್ದಳು. ಕೇಕಿನ ಪಟ್ಟಿಯಲ್ಲಿ ಅವನ ಹೆಸರನ್ನು ದುಂಡಗೆ ಬರೆದು, ಕೆಳಗೆ ಅದೇ ಹೆಸರನ್ನು ಮತ್ತೊಮ್ಮೆ ಬರೆದಳು.

"ಎರಡು ಸಲ ಯಾಕೆ?"

"ನಾಳೆ ಎಡವಟ್ಟಿಂದು. ತಿಂಗಳ ಕೊನೇ ಶುಕ್ರವಾರ ಬೀಳ್ಕೊಡುಗೆದು. ಬಿಟ್ಟು ಹೋಗೋರು ತಾನೇ ಕೇಕು ತರೋದು? ನಂಗೆ ಬಾದಾಮಿದಾದ್ರೆ ಇಷ್ಟ." ಪೆನ್ನಿನ ಮುಚ್ಚಳ ಹಾಕಿ, ಅದನ್ನು ಪಟ್ಟಿಯ ಪಕ್ಕ ನೆಟ್ಟಗೆ ಸಿಕ್ಕಿಸಿದಳು. "ಅಲ್ಲ ಟೋರ್ಕಿಲ್, ಬೆಳಿಗ್ಗೆ ನೀನು ಕಾಫಿಗೆ ಹೋದಾಗ ನಾನು ಮೇಜಿನ ಆಚೆ ಕಡೆ ನಿಂತು ನೋಡಿದ್ರೆ ಆ ತಟ್ಟೆ ಉಲ್ಟಾ ಇತ್ತು. ಅಕ್ಷರ ಎಲ್ಲ ತಲೆಕೆಳಗೆ. ನಾನೇ ತಿರುಗಿಸಿ ನೆಟ್ಟಗೆ ಇಟ್ಟಿದ್ನಲ್ಲ. ಆಮೇಲೂ ಅದು ಹ್ಯಾಗೆ ಉಲ್ಟಾ ಹೋಯ್ತಪ್ಪ?"

ಟೋರ್ಕಿಲ್ ಫ್ರಿಜ್ಜಿನ ಬಾಗಿಲು ನೋಡಿದ. ಬರೆದದ್ದು ಅಳಿಸದ ಶಾಯಿಯಲ್ಲಿ. ಅವನ ಗಂಟಲಿನವರೆಗೂ ಒಂದು "ಓವ್" ಬಂತು. ಕಾರಿಡಾರಿನ ಕಡೆ ತಿರುಗಿ ನೋಡಿದ. ಮೂರು ಬಾಗಿಲೂ ತೆರೆದಿದ್ದವು. ಬಂದದ್ದನ್ನು ಹಾಗೆಯೇ ನುಂಗಿಕೊಂಡು, ಬಾದಾಮಿ ಕೊಳ್ಳಲು ಹೊರಟ.