ಹೊಸ ಪಿಸ್ಟನ್ನಿನ ಕಟಕಟ

ಪುಣೆಯ ರಸ್ತೆಗಳು ಇನ್ನು ಮುಂದೆ ನನ್ನ ಗರ್ಜನೆಯನ್ನು ಕೇಳಿಯೇ ದಾರಿ ಬಿಡಬೇಕು! ಹೀಗೆ ಪಣ ತೊಟ್ಟು, ದಸರೆಯ ಖಂಡೇಪೂಜೆ ಮುಗಿದ ವಾರದಲ್ಲೇ ನನ್ನ ಮೋಟಾರ್‌ಸೈಕಲ್ಲಿಗೆ ಹೊಸ ಸೈಲೆನ್ಸರ್, ಹೊಸ ಫಿಲ್ಟರ್, ದೊಡ್ಡ ಪಿಸ್ಟನ್ ಹಾಕಿಸಿದೆ.

"ಇಂಜಿನ್ನಿನ ನಾಡಿ ನನಗೆ ಗೊತ್ತು," ಎಂದು ಹೆಂಡತಿ ಭಾಮಾಳೆದುರು ಮೀಸೆ ತಿರುವಿದೆ. "ಭಾನುವಾರ ನಿನ್ನ ಲೋಣಾವಳಾಕ್ಕ ಹಾರಿಸ್ಕೊಂಡು ಹೋಗ್ತೀನಿ, ನೋಡ್ತಿರು!"

"ಹಾರಿಸಬ್ಯಾಡ್ರಿ. ನಡಸ್ರಿ ಸಾಕು," ಎಂದಳು.

ಮರುದಿನವೇ ಶುರುವಾಯಿತು ಕಟಕಟ! ನಿಧಾನ ಹೋದರೆ ಪಿಸುಮಾತು, ವೇಗ ಏರಿಸಿದರೆ ಮೃದಂಗ. ಮನೆಯ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ ಇಟ್ಟು ಆಲಿಸಿದೆ. ಕೇಳಿದ್ದು ನನ್ನ ಎದೆಬಡಿತವೊಂದೇ.

ವಿಮಾನ ನಗರದ ಮೆಕ್ಯಾನಿಕ್ ಸ್ವಪ್ನಿಲ್ ಮೊದಲು ಟ್ಯಾಪೆಟ್ ಎಂದ, ಆಮೇಲೆ ಚೈನು ಎಂದ. ಕೊನೆಗೆ ಕಣ್ಣು ಮುಚ್ಚಿ, "ಕಾಕಾ, ಪಿಸ್ಟನ್. ಜಾಮ್ ಝಾಲಾ ತರ್ ಚಾಕ್ ಲಾಕ್!" ಎಂದುಬಿಟ್ಟ. ಪಿಸ್ಟನ್ ಕಚ್ಚಿದರೆ ಚಕ್ರವೇ ನಿಲ್ಲುತ್ತದಂತೆ. ಹಿಂದೆ ಕೂತ ಭಾಮಾಳ ಗತಿ? ನನಗೆ ನಿದ್ದೆಯೇ ಹಾರಿಹೋಯಿತು. ಆದರೆ ಮೀಸೆ ತಿರುವಿದವನು ಭಾನುವಾರ ಬೇಡ ಎನ್ನುವುದು ಹೇಗೆ?

ಹೊರಟೆವು. ಕಾಮಶೇತದ ಏರಿನಲ್ಲಿ ಕಟಕಟ ಜೋರಾಯಿತು. ನಾನು ಆಮೆಯಾದೆ.

"ಯಾಕ್ರೀ, ಸೈಕಲ್‌ನವ್ರು ನಮ್ಮನ್ನ ದಾಟಿ ಹೊಂಟಾರಲ್ರೀ?"

"ಅವರಿಗೆ ಅವಸರ ಅದ."

"ಕೈ ಯಾಕ ನಡಗ್ಲಿಕತ್ತಾವು?"

"ಚಳಿ!"

ಬಿಸಿಲು ನೆತ್ತಿ ಸುಡುತ್ತಿತ್ತು.

ಲೋಣಾವಳಾದ ಚಿಕ್ಕಿ ಅಂಗಡಿಯೆದುರು ಇಳಿದೆವು. "ಭಾಮಾ, ನೀ ರೈಲಿಗೆ ಹೋಗು. ಇಂಜಿನ್ ಯಾವಾಗ ಕಚ್ಚತದೋ ಗೊತ್ತಿಲ್ಲ. ಆಗೋದು ನನಗೊಬ್ಬಗ ಆಗ್ಲಿ," ಎಂದೆ.

ಅವಳು ನನ್ನನ್ನೇ ನೋಡಿದಳು. ಕೀಲಿ ಇಸಿದುಕೊಂಡು, ಗಾಡಿಯ ಎಡಮಗ್ಗುಲಿನ ಟೂಲ್ ಪೆಟ್ಟಿಗೆ ತೆರೆದಳು. ಒಳಗೊಂದು ಹಿತ್ತಾಳೆಯ ಕುಂಕುಮದ ಡಬ್ಬಿ. ಅಲ್ಲಾಡಿಸಿದಳು. ಕಟಕಟ! ಅದೇ ಮೃದಂಗ!

"ಖಂಡೇಪೂಜಿ ಅಡಿಕಿರೀ. ನಿಮ್ಮ ಗರ್ಜನಿ ಕೇಳಿ ನನ್ನ ಎದಿ ಧಸಕ್ಕಂತು. ನಿಮ್ಮನ್ನ ಕಾಯ್ಲಿ ಅಂತ ಇಟ್ಟೆ."

"ಇಲ್ಲ್ಯಾಕ ಇಟ್ಟಿ?"

"ಈ ಪೆಟ್ಟಿಗಿ ನೀವು ಎಂದೂ ತೆಗ್ಯಾಂಗಿಲ್ಲಲ್ಲ!"

ಇಂಜಿನ್ನಿನ ನಾಡಿ ಬಲ್ಲವನು ತಲೆ ತಗ್ಗಿಸಿದೆ. "ಸಪ್ಪಳ ಅದರದಂತ ಮೊದಲ ಹೇಳಬಾರದೇನ?"

"ಹೇಳಾಕಿದ್ದೆ. ಆದ್ರ ಅದು ಕಟಕಟ ಅಂದಾಗೊಮ್ಮೆ ನೀವು ಸಾವಕಾಶ ಹೊಂಟ್ರಿ. ಲಗ್ನ ಆದಾಗಿಂದ ನಾ ಹೇಳಿದ್ದು ಕೇಳಿಲ್ಲ. ಅಡಿಕಿ ಹೇಳಿದ್ದು ಕೇಳಿದ್ರಿ!"

ಇದ್ದ ಒಂದೇ ಅಡಿಕೆಯನ್ನು ಚಿಕ್ಕಿಯ ಕಾಗದದಲ್ಲಿ ಬಿಗಿಯಾಗಿ ಸುತ್ತಿ ಡಬ್ಬಿಯೊಳಗೇ ಇಟ್ಟೆ. ಸಪ್ಪಳ ಸತ್ತಿತು! ಮನೆಯವರೆಗೂ ಹಾರಿಸಿದೆ. ಹಿಂದೆ ಕೂತವಳು ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

ಸೋಮವಾರ ಆಫೀಸಿಗೆ ಹೊರಟೆ. ಓಣಿ ದಾಟುವುದರೊಳಗೆ ಮತ್ತೆ ಮೃದಂಗ, ಈ ಸಲ ಜೋಡಿ ಮೃದಂಗ! ಬದುಕಿನಲ್ಲಿ ಮೊದಲ ಬಾರಿಗೆ ಟೂಲ್ ಪೆಟ್ಟಿಗೆಯನ್ನು ನಾನೇ ತೆರೆದೆ. ಕಾಗದ ಮಾಯವಾಗಿತ್ತು. ಡಬ್ಬಿಯೊಳಗೆ ಎರಡು ಅಡಿಕೆ.

ಮೆಲ್ಲಗೆ ಮುಚ್ಚಿಟ್ಟು, ಸೈಕಲ್‌ನವರಿಗೆ ದಾರಿ ಬಿಟ್ಟುಕೊಟ್ಟು, ಆಫೀಸು ಸೇರಿದೆ.